ಎಣಿಕೆಗೆ ಸಿಗದ ಡಾಲಿ

ವಿಮಾನದ ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿಗಳಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಬಳ್ಳಾರಿ ಕಂಟೋನ್ಮೆಂಟಿನ ತಾಂತ್ರಿಕ ಕಾಲೇಜಿನ ಉಪನ್ಯಾಸಕಿ ಶಾಹೀನಾ ಅವರು ನನ್ನನ್ನು ಕೇಳಿದರು. ನಾಲ್ಕು ಮಾತಿನಲ್ಲಿ ಮುಗಿಯುವ ಕೆಲಸವನ್ನು ನಾನು ಮಾಡಿದವನಲ್ಲ. ನಮ್ಮ ದೇಶದಲ್ಲಿಯೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನಕ್ಕೆ ತಗಡಿನ ಮೈ ಹೊದಿಸಿದ ಫಿಟ್ಟರುಗಳಲ್ಲಿ ನಾನೊಬ್ಬ. ನನಗೆ ದೊರೆತ ಬಡ್ತಿಗಳ ವಿವರ ಇಲ್ಲಿಲ್ಲ. ದೊರೆಯದೆ ಹೋದ ಬಡ್ತಿಗಳ ವಿವರ ನನ್ನಲ್ಲಿದೆ. ಬೇಕಾದವರು ಮನೆಗೆ ಬಂದು ಕೇಳಬಹುದು.

ಈ ಬರಹವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ಬರೆದಾಗ ಇದರಲ್ಲಿ ಒಬ್ಬ ಕಳ್ಳನಿದ್ದ. ಅವನ ಹೆಸರು, ಊರು, ಹುದ್ದೆ ಎಲ್ಲವನ್ನೂ ಸ್ಪಷ್ಟವಾಗಿ ಬರೆದಿದ್ದೆ. ಎರಡನೆಯ ಸಲ ಬರೆಯಬೇಕಾಗಿ ಬಂದದ್ದು ಏಕೆ ಎಂಬುದೇ ನಾನು ಹೇಳಬೇಕಾದ ಮುಖ್ಯ ವಿಷಯ.

ನಾನು ಸಿರುಗುಪ್ಪದ ಕಮ್ಮಾರ ಕಾಳಪ್ಪನ ಮಗ ಮೌನೇಶಪ್ಪ. ನಮ್ಮಪ್ಪ ಭತ್ತದ ಕುಡುಗೋಲು ತಟ್ಟುತ್ತಿದ್ದ, ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದ, ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ನಾನು ಬಳ್ಳಾರಿಯ ಕೌಲ್ ಬಜಾರಿನ ಟ್ರಂಕಿನ ಅಂಗಡಿಯೊಂದರಲ್ಲಿ ತಗಡಿನ ಕೆಲಸ ಕಲಿತು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯ ಸಂದರ್ಶನಕ್ಕೆ ಹೋದೆ. ಮೇಜಿನ ಆಚೆ ಕುಳಿತಿದ್ದ ಅಧಿಕಾರಿಯ ಕೋಟಿಗೆ ಎರಡನೆಯ ಗುಂಡಿ ಇರಲಿಲ್ಲ. ಆತ ನನ್ನ ಅರ್ಜಿಯನ್ನು ಓದಿ ಪಕ್ಕದವನಿಗೆ, "ಎತ್ತಿಗೆ ಲಾಳ ಹೊಡೆಯುವವರೂ ಈಗ ವಿಮಾನ ಮಾಡಲು ಬರುತ್ತಿದ್ದಾರೆ" ಎಂದ. ಪಕ್ಕದವನು ನಕ್ಕ. ನಾನು ನಗಲಿಲ್ಲ, ಮರೆಯಲೂ ಇಲ್ಲ. ಒಂದು ಚೂರು ತಗಡು ಕೊಟ್ಟು ಬಟ್ಟಲಿನಂತೆ ಬಗ್ಗಿಸಲು ಹೇಳಿದರು. ಬಗ್ಗಿಸಿ ಕೊಟ್ಟೆ. ಆಮೇಲೆ ಮತ್ತೇನೂ ಕೇಳಲಿಲ್ಲ.

ಸೇರಿದ ವಾರದಲ್ಲಿಯೇ ನಾನು ಕಂಡ ದೃಶ್ಯವನ್ನು ಈಗಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಈಗ ನಕ್ಷೆ ಕಂಪ್ಯೂಟರಿನೊಳಗೆ ಇರುತ್ತದೆ. ಆಗ ನಕ್ಷೆ ನೆಲದ ಮೇಲೆ ಇರುತ್ತಿತ್ತು. ಒಂದು ದೊಡ್ಡ ಕೋಣೆಯ ನೆಲಕ್ಕೆಲ್ಲ ಬಿಳಿಯ ಬಣ್ಣ ಬಳಿದ ತಗಡುಗಳನ್ನು ಹಾಸಿ, ಅವುಗಳ ಮೇಲೆ ಇಡೀ ವಿಮಾನವನ್ನು, ಮೂತಿಯಿಂದ ಬಾಲದವರೆಗೆ, ಅದು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೊರೆದಿದ್ದರು. ಅದರ ಮೇಲೆ ಕಾಲುಚೀಲ ಹಾಕಿಕೊಂಡೇ ನಡೆಯಬೇಕು. ನನ್ನ ಬಳಿ ಕಾಲುಚೀಲ ಇರಲಿಲ್ಲ, ಬಾಗಿಲಲ್ಲಿಯೇ ನಿಂತೆ. ನಮ್ಮಪ್ಪ ಗಾಲಿಗೆ ಪಟ್ಟಿ ಹಾಕುವ ಮೊದಲು ಅಂಗಳದಲ್ಲಿ ಗೂಟ ನೆಟ್ಟು, ಹಗ್ಗ ಹಿಡಿದು ಸುತ್ತು ಗೆರೆ ಎಳೆಯುತ್ತಿದ್ದ. ಅದೇ ಕೆಲಸ ಇದು ಎಂದು ನನಗೆ ಥಟ್ಟನೆ ಹೊಳೆಯಿತು. ಆದರೆ ಆ ಗೆರೆ ಒಕ್ಕಲಿಗನ ಹೊಲದವರೆಗೆ ಹೋಗುವ ಗಾಲಿಗೆ. ಈ ಗೆರೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಊಹಿಸಲು ಆಗದೆ ಮೈ ಜುಮ್ಮೆಂದಿತು.

ಲೋಹದ ವಿಮಾನಕ್ಕಿಂತ ಮೊದಲು ಬಡಗಿಗಳು ಅದೇ ಅಳತೆಯ ಮರದ ವಿಮಾನ ಮಾಡಿದ್ದರು. ಅದಕ್ಕೆ ಎಂಜಿನ್ ಇರಲಿಲ್ಲ. ಇನ್ನೊಂದು ವಿಮಾನದ ಹಿಂದೆ ಅದನ್ನು ಹಗ್ಗದಿಂದ ಕಟ್ಟಿ, ಮುಗಿಲಿಗೆ ಎಳೆದೊಯ್ದು, ಬಿಟ್ಟುಬಿಡುತ್ತಿದ್ದರು. ಒಳಗೆ ಕುಳಿತ ಪೈಲಟ್ ಸದ್ದಿಲ್ಲದೆ ಅದನ್ನು ಇಳಿಸಿಕೊಂಡು ಬರುತ್ತಿದ್ದ. ಹಗ್ಗ ಬಿಚ್ಚಿದ ಕ್ಷಣದಿಂದ ಗಾಲಿ ನೆಲ ಮುಟ್ಟುವವರೆಗೆ ಇಡೀ ಕಾರ್ಖಾನೆ ಉಸಿರು ಹಿಡಿದು ನಿಲ್ಲುತ್ತಿತ್ತು.

ಮುಖ್ಯ ವಿನ್ಯಾಸಗಾರರು ಪರದೇಶದಿಂದ ಬಂದವರು. ಎತ್ತರದ ಮನುಷ್ಯ, ಮಾತು ಕಡಿಮೆ. ಒಂದು ಬೆಳಿಗ್ಗೆ ನಾವು ಮುಗಿಸಿದ್ದ ರೆಕ್ಕೆಯ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು, ತಗಡಿನ ಮೇಲೆ ಅಂಗೈ ಆಡಿಸುತ್ತ ನಡೆದರು. ಒಂದು ಕಡೆ ಕೈ ನಿಂತಿತು. ಕಣ್ಣು ತೆರೆದು, ಪೆನ್ಸಿಲಿನಿಂದ ಒಂದು ರಿವೆಟ್ಟಿನ, ಎಂದರೆ ತಗಡನ್ನು ಹಿಡಿದಿಡುವ ಮೊಳೆಯ, ಸುತ್ತ ವೃತ್ತ ಹಾಕಿ ಹೊರಟುಹೋದರು. ಅದು ನಾನು ಹೊಡೆದ ರಿವೆಟ್. ನನಗೆ ಉರಿಯಿತು. ಅಳತೆಯ ಸಾಧನ ತಂದು ನೋಡಿದರೆ, ಅದರ ತಲೆ ಹಾಳೆಯೊಂದರ ದಪ್ಪದಷ್ಟು ಮೇಲೆದ್ದಿತ್ತು. ಗಾಳಿಗೆ ಅದು ಬೆಟ್ಟ ಎಂದು ಆಮೇಲೆ ಯಾರೋ ವಿವರಿಸಿದರು. ಆ ದಿನದಿಂದ ನಾನೂ ಕಣ್ಣು ಮುಚ್ಚಿ ಕೈಯಾಡಿಸುವುದನ್ನು ಕಲಿತೆ.

ಈಗ ವೀರಭದ್ರಯ್ಯನವರ ವಿಷಯಕ್ಕೆ ಬರಬೇಕು. ಅವರು ಕುರುಗೋಡಿನವರು, ಜಂಗಮರು. ಕಾರ್ಖಾನೆಯಲ್ಲಿ ತಪಾಸಣೆಯ ಇನ್‌ಸ್ಪೆಕ್ಟರ್. ನನಗಿಂತ ಆರು ವರ್ಷ ದೊಡ್ಡವರು. ನಾವು ಮಾಡಿದ್ದನ್ನು ಅವರು ನೋಡಿ ಒಪ್ಪಿ ಸಹಿ ಹಾಕದೆ ಒಂದು ತಗಡೂ ಮುಚ್ಚುವಂತಿರಲಿಲ್ಲ. ಉದ್ದ ಕಡ್ಡಿಯ ತುದಿಗೆ ಕೂಡಿಸಿದ ರೂಪಾಯಿಯಗಲದ ಕನ್ನಡಿಯೊಂದು ಯಾವಾಗಲೂ ಅವರ ಕಿಸೆಯಲ್ಲಿ ಇರುತ್ತಿತ್ತು. ಕಣ್ಣು ಹೋಗದ ಮೂಲೆಗೆ ಅದನ್ನು ತೂರಿಸಿ ನೋಡುತ್ತಿದ್ದರು. ಆದ್ದರಿಂದ ಕನ್ನಡಿ ಸ್ವಾಮಿ ಎಂಬ ಹೆಸರು. ಆ ದೊಡ್ಡ ಕಾರ್ಖಾನೆಯಲ್ಲಿ ನಮ್ಮ ಕಡೆಯ ಮಾತು ನನಗೆ ಕೇಳುತ್ತಿದ್ದುದು ಅವರೊಬ್ಬರ ಬಾಯಿಂದ. ಬೈಗುಳವೇ ಆದರೂ ಹಿತವಾಗಿ ಇರುತ್ತಿತ್ತು.

ವಿಮಾನ ಮೊದಲ ಸಲ ಹಾರಿದ ದಿನ ನಮ್ಮನ್ನು ಹಗ್ಗದ ಹಿಂದೆ ನಿಲ್ಲಿಸಿದ್ದರು. ಅದರ ಒಂದು ಮೊಳೆಯನ್ನೂ ಮುಟ್ಟದ ಕಚೇರಿಯ ಗುಮಾಸ್ತರಿಗೆ ಮುಂದೆ ಕುರ್ಚಿ ಹಾಕಿದ್ದರು. ಆ ಕುರ್ಚಿಗಳು ಹದಿನಾರು; ನಾನು ಎಣಿಸಿದ್ದೇನೆ. ಆದರೆ ವಿಮಾನ ಓಡತೊಡಗಿ, ಮೂತಿ ಎತ್ತಿ, ನೆಲ ಬಿಟ್ಟಾಗ ಕುರ್ಚಿಯಲ್ಲಿದ್ದವರೂ ಎದ್ದು ನಿಂತಿದ್ದರು. ಆ ಸದ್ದು ಕಿವಿಗೆ ಬರುವ ಮೊದಲು ಎದೆಯ ಗೂಡಿಗೆ ಬಂದಿತು. ನಾನು ತಿಂಗಳುಗಟ್ಟಲೆ ಹೊಟ್ಟೆಯ ಮೇಲೆ ಮಲಗಿ ಜೋಡಿಸಿದ ತಗಡು ಅಲ್ಲಿ ಬಿಸಿಲಿಗೆ ಮಿಂಚುತ್ತ, ಕೊಕ್ಕರೆಯಷ್ಟಾಗಿ, ಆಮೇಲೆ ಚುಕ್ಕೆಯಾಗಿ ಹೋಯಿತು.

"ಎಡಗಡೆ ರೆಕ್ಕಿ ನಂದು ನೋಡ್ರಿ!" ಎಂದು ನಾನು ಕೂಗಿದೆ.

"ಬಾಲ ನಂದು!" ಎಂದು ಇನ್ನೊಬ್ಬ ಅರಚಿದ.

ಪಕ್ಕದಲ್ಲಿ ನಿಂತಿದ್ದ ವೀರಭದ್ರಯ್ಯನವರು ಕಣ್ಣು ಮೇಲಿಂದ ಇಳಿಸದೆ, "ಹಾರೋದು ನೋಡ್ರಲೇ ಮೊದಲ. ಪಾಲು ಆಮ್ಯಾಲೆ ಹಂಚಿಕೊಳ್ಳಾಕ ಬರತೈತಿ" ಎಂದರು. ಅವರ ಕೈ ಎದೆಯ ಮೇಲಿನ ಲಿಂಗವನ್ನು ಹಿಡಿದಿತ್ತು.

ಆ ಕಾಲದ ವಿಮಾನಗಳು ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳಲ್ಲ. ಪ್ರತಿಯೊಂದನ್ನೂ ಕೈಯಲ್ಲಿ ತಿದ್ದಿ ಕೂಡಿಸಿದ್ದರಿಂದ ಒಂದರ ಮುಚ್ಚಳ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಬೆರಕೆಯಾಗದಿರಲೆಂದು ನಾನು ಮುಚ್ಚಳಗಳ ಒಳಬದಿಗೆ ವಿಮಾನದ ಸಂಖ್ಯೆಯನ್ನು ಉಳಿಯಿಂದ ಕನ್ನಡ ಅಂಕಿಯಲ್ಲಿ ಗುರುತು ಹಾಕುತ್ತಿದ್ದೆ. ವಿಭಾಗದ ಅಧಿಕಾರಿಯೊಬ್ಬ ಒಂಬತ್ತನೆಯ ವಿಮಾನದ ಮುಚ್ಚಳ ತಿರುಗಿಸಿ, ಅಲ್ಲಿದ್ದ "೯" ನೋಡಿ, "ಇದೇನು, ಹುಳ ಹರಿದಿದೆಯೇ?" ಎಂದು ಎಲ್ಲರೆದುರು ಕೇಳಿದ. ಆತನಿಗೆ ಕೊಟ್ಟ ಉತ್ತರಕ್ಕಾಗಿ ನನಗೆ ಒಂದು ಎಚ್ಚರಿಕೆಯ ಪತ್ರ ಬಂದಿತು. ಆ ಪತ್ರ ಇನ್ನೂ ನನ್ನಲ್ಲಿದೆ. ಈ ಒಂಬತ್ತನೆಯ ವಿಮಾನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನವನು ಬಡಿಯುತ್ತಾನೆ, ಒಳಗಿನವನು ರಿವೆಟ್ಟಿನ ಬಾಲಕ್ಕೆ ಭಾರವಾದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿಯುತ್ತಾನೆ. ಆ ತುಂಡಿಗೆ ಡಾಲಿ ಎನ್ನುತ್ತೇವೆ. ಒಂಬತ್ತನೆಯ ವಿಮಾನದ ಬಾಲದ ಬುಡದಲ್ಲಿ ಒಂದು ಇಕ್ಕಟ್ಟಾದ ಗೂಡಿತ್ತು. ಬಾಲದ ಪಟ್ಟಿಯನ್ನು ಏರಿಸಿ ಇಳಿಸುವ ಉಕ್ಕಿನ ಸರಳು ಅದರ ಮೂಲಕವೇ ಹಾದುಹೋಗುತ್ತದೆ. ಕಾರ್ಖಾನೆಯ ಯಾವ ಡಾಲಿಯೂ ಆ ಮೂಲೆಗೆ ಹೋಗುತ್ತಿರಲಿಲ್ಲ. ಮೂರು ದಿನ ಹೆಣಗಿದೆ. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಕೈಯಲ್ಲಿಯೇ ಆ ಮೂಲೆಯ ಆಕಾರ ತೋರಿಸಿದೆ.

ಕೆಂಚನಗುಡ್ಡದ ಹೊಳೆಯ ದಂಡೆಯಲ್ಲಿ ಮುರಿದುಬಿದ್ದ ಬಂಡಿಯೊಂದರ ಅಚ್ಚು ನಮ್ಮ ಕುಲುಮೆಯಲ್ಲಿತ್ತು. ಅಪ್ಪ ಅದರ ತುಂಡನ್ನು ಕಾಸಿ ತಟ್ಟಿ, ಹೋತದ ಗೊರಸಿನಂಥ ಒಂದು ಡಾಲಿ ಮಾಡಿಕೊಟ್ಟ. ಬೆನ್ನಿಗೆ ತನ್ನ ಗುರುತಾದ ಪುಟ್ಟ ನೇಗಿಲನ್ನು ಹೊಡೆದ.

"ಇದು ಇಮಾನದಾಗ ಹೋಗತೈತೇನಲೇ?" ಎಂದು ಕೇಳಿದ.

"ಇಲ್ಲಪಾ, ಇಮಾನ ಮಾಡಾಕ. ಮಾಡಿ ಮುಗದ ಮ್ಯಾಲೆ ಹೊರಗ ತೆಗೀತೀವಿ."

"ಹೌದೇನು? ನಾ ಏನೋ ಇದೂ ಹಾರತೈತಿ ಅಂದ್ಕೊಂಡಿದ್ದೆ" ಎಂದು ನಿರಾಶನಾದವನಂತೆ ಚುಟ್ಟಾ ಹಚ್ಚಿದ.

ಸ್ವಂತದ ಉಪಕರಣವನ್ನು ಕಾರ್ಖಾನೆಯೊಳಗೆ ತರುವುದು ನಿಷಿದ್ಧವಾಗಿತ್ತು. ಅದರ ಕಾರಣವನ್ನು ಈ ಬರಹ ಓದುವ ಮಕ್ಕಳು ಗೆರೆ ಎಳೆದು ಇಟ್ಟುಕೊಳ್ಳಬೇಕು. ಪ್ರತಿಯೊಬ್ಬ ಫಿಟ್ಟರಿಗೂ ಸಂಖ್ಯೆಯಿರುವ ಹಿತ್ತಾಳೆಯ ಬಿಲ್ಲೆಗಳು. ಸ್ಟೋರಿನಿಂದ ಒಂದು ಉಪಕರಣ ತಂದರೆ ಅದರ ಜಾಗದಲ್ಲಿ ಒಂದು ಬಿಲ್ಲೆ ತೂಗುಹಾಕಬೇಕು. ಉಪಕರಣ ಮರಳಿಸಿದರೆ ಬಿಲ್ಲೆ ಮರಳಿ ಬರುತ್ತದೆ. ತಗಡು ಮುಚ್ಚುವ ಮೊದಲು ಉಪಕರಣಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿ, ಫಿಟ್ಟರ್ ಗಟ್ಟಿಯಾಗಿ ಎಣಿಕೆ ಹೇಳಬೇಕು. ಇನ್‌ಸ್ಪೆಕ್ಟರ್ ಒಳಗೆಲ್ಲ ಕನ್ನಡಿ ಆಡಿಸಿ ನೋಡಿ, "ಮುಚ್ಚು" ಎನ್ನಬೇಕು. ಹಾರುವ ವಿಮಾನದೊಳಗೆ ಒಂದು ತಿರುಪುಳಿ ಉಳಿದರೂ ಅದು ಪೈಲಟ್‌ನ ಪ್ರಾಣ ತೆಗೆಯಬಲ್ಲದು. ಬಿಲ್ಲೆಯಿಲ್ಲದ ಉಪಕರಣ ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬಾರದ್ದು ಕಳೆದರೆ ಯಾರಿಗೂ ತಿಳಿಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಅಪ್ಪನ ಡಾಲಿಯನ್ನು ಬುತ್ತಿಯ ಡಬ್ಬಿಯಲ್ಲಿ, ಜೋಳದ ರೊಟ್ಟಿಯ ಕೆಳಗೆ ಇಟ್ಟುಕೊಂಡು ಒಳಗೆ ತಂದೆ. ಅದು ಆ ಮೂಲೆಗೆ ಬೀಗಕ್ಕೆ ಕೀಲಿಯಂತೆ ಕೂಡಿತು. ಎರಡನೆಯ ದಿನವೇ ವೀರಭದ್ರಯ್ಯನವರು ನೋಡಿಬಿಟ್ಟರು.

"ಏನಿದು ಮೌನೇಶಿ, ಹೋತದ ಕಾಲು?"

"ನಮ್ಮಪ್ಪ ಮಾಡಿದ್ದರಿ, ಸ್ವಾಮೇರ."

ಅವರು ಅದನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಅಂಚು ಸವರಿ, "ಕೈ ಚಲೋ ಐತಿ ನಿಮ್ಮಪ್ಪಂದು" ಎಂದರು. ಆಮೇಲೆ ಧ್ವನಿ ಬದಲಾಯಿಸಿ, "ಇನ್ನೊಮ್ಮಿ ನನ್ನ ಕಣ್ಣಿಗೆ ಬಿತ್ತಂದ್ರ ನಾನ ಒಯ್ದು ಬಾವಿಗೆ ಒಗೀತೀನಿ, ತಿಳೀತಾ?" ಎಂದರು.

ವಾರದ ಬಳಿಕ ಆ ಗೂಡನ್ನು ಮುಚ್ಚಿದೆವು. ಬಟ್ಟೆಯ ಮೇಲೆ ಉಪಕರಣ ಹರಡಿ ನಾನು, "ಹನ್ನೆರಡು" ಎಂದೆ. ಹನ್ನೆರಡು ಬಿಲ್ಲೆಗೆ ಹನ್ನೆರಡು ಉಪಕರಣ. ವೀರಭದ್ರಯ್ಯನವರು ದೀಪ ಹಿಡಿದು ಕನ್ನಡಿ ತೂರಿಸಿ ನೋಡಿ, "ಮುಚ್ಚು" ಎಂದರು. ಮುಚ್ಚಿದೆ. ಅದು ತೆರೆಯುವ ಮುಚ್ಚಳವಲ್ಲ, ಸುತ್ತಲೂ ರಿವೆಟ್ ಹೊಡೆದ ತಗಡು. ವಿಮಾನ ಇರುವವರೆಗೆ ಅದನ್ನು ತೆರೆಯುವ ಪ್ರಸಂಗವೇ ಬರುವುದಿಲ್ಲ. ಎರಡು ದಿನದ ಮೇಲೆ ಬುತ್ತಿಯ ಡಬ್ಬಿಯಲ್ಲಿ ಕೈಯಿಟ್ಟರೆ ಡಾಲಿ ಇಲ್ಲ.

ನನಗೆ ಅನುಮಾನವೇ ಬರಲಿಲ್ಲ. ಬಾವಿಗೆ ಒಗೆಯುತ್ತೇನೆ ಎಂದವರು ಒಬ್ಬರೇ ಅಲ್ಲವೇ? ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಐವತ್ತು ಜನರ ನಡುವೆ ಅವರ ಮುಂದೆ ಹೋಗಿ ನಿಂತೆ.

"ಸ್ವಾಮೇರ, ನಮ್ಮಪ್ಪನ ಡಾಲಿ ಕೊಡ್ರಿ."

"ನಾ ತಗೊಂಡಿಲ್ಲ. ತಗೊಂಡಿದ್ರ ತಗೊಂಡೀನಿ ಅಂತ ಹೇಳಾಕ ನನಗೇನು ಅಂಜಿಕಿ?"

"ಕೊಳ್ಳಾಗ ಲಿಂಗ ಕಟ್ಕೊಂಡು ಸುಳ್ಳು ಹೇಳಬ್ಯಾಡ್ರಿ. ಕಳ್ಳ ಅದೀರಿ ನೀವು."

ಅವರು ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು ತಗ್ಗಿದ ಧ್ವನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಒಳಗ ಬಿಟ್ಟಿಲ್ಲಲ್ಲ?"

ಕಳ್ಳ ಎಂದು ನಾನು ಅಂದದ್ದಕ್ಕಿಂತ ಹೆಚ್ಚಿನ ಅವಮಾನ ಅದು ನನಗೆ. "ನಾ ಎತ್ತಿಗೆ ಲಾಳ ಹೊಡಿಯಾಕ ಬಂದಿಲ್ರಿ ಇಲ್ಲಿ. ಒಳಗ ಬಿಡೋ ಕೈ ಅಲ್ಲ ಇದು!"

ಅವರು ನನ್ನ ಮುಖವನ್ನೇ ನೋಡಿದರು. "ಆತು" ಎಂದು ಎದ್ದು ಹೋದರು.

ಆಮೇಲೆ ಜನ ಅವರನ್ನು ಡಾಲಿ ಸ್ವಾಮಿ ಎಂದು ಕರೆಯತೊಡಗಿದರು. ಅವರು ಬೇರೆ ಹ್ಯಾಂಗರಿಗೆ ವರ್ಗ ಮಾಡಿಸಿಕೊಂಡರು. ನಿವೃತ್ತಿಯ ನಂತರ ಅವರು ಕುರುಗೋಡಿಗೆ, ನಾನು ಕೌಲ್ ಬಜಾರಿಗೆ ಬಂದು ನೆಲೆಸಿದೆವು. ಮದುವೆ ಮನೆಗಳಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದೆವು. ಕೇಳಿದವರಿಗೂ ಕೇಳದವರಿಗೂ ನಾನು ಆ ಕಳವಿನ ಕಥೆ ಹೇಳಿದ್ದೇನೆ. "ಡಾಲಿ ಹೆಂಗೈತಿ?" ಎಂದು ಅಪ್ಪ ಕೊನೆಯವರೆಗೂ ಕೇಳುತ್ತಿದ್ದ. "ಕೆಲಸ ಮಾಡಾಕತ್ತೈತಿ" ಎಂದು ಸುಳ್ಳು ಹೇಳುತ್ತಿದ್ದೆ. ಆ ಸುಳ್ಳನ್ನೂ ನಾನು ವೀರಭದ್ರಯ್ಯನವರ ತಲೆಗೇ ಕಟ್ಟಿದ್ದೆ.

ಯುದ್ಧ ಬಂದಾಗ ಕಾರ್ಖಾನೆಯಿಂದ ನಮ್ಮಲ್ಲಿ ಕೆಲವರನ್ನು ಮರುಭೂಮಿಯ ನೆಲೆಗೆ ದುರಸ್ತಿಗಾಗಿ ಕಳಿಸಿದರು. ಈ ವಿಮಾನದ ಎಂಜಿನ್ ಮೈಗೆ ತಕ್ಕಷ್ಟು ಬಲದ್ದಲ್ಲ ಎಂದು ಹಲವರು ಹಳಿದಿದ್ದಾರೆ. ಅದು ನಿಜ, ವಿನ್ಯಾಸಗಾರರು ಬಯಸಿದ ಎಂಜಿನ್ ಕೊನೆಗೂ ಸಿಗಲಿಲ್ಲ. ಆದರೆ ಹಳಿದವರು ಯಾರೂ ಆ ಮಧ್ಯಾಹ್ನ ಅಲ್ಲಿರಲಿಲ್ಲ. ಹೊರಟ ವಿಮಾನಗಳಲ್ಲಿ ಒಂದು ಮರಳಿರಲಿಲ್ಲ. ಎಲ್ಲರೂ ಮರಳಿನ ಅಂಚನ್ನೇ ನೋಡುತ್ತಿದ್ದೆವು. ಕೊನೆಗೆ ಒಂದು ಕಡೆಗೆ ವಾಲಿಕೊಂಡು, ಎರಡು ಎಂಜಿನ್ನುಗಳಲ್ಲಿ ಒಂದು ಸತ್ತು, ಇನ್ನೊಂದರ ಮೇಲೆಯೇ ಅದು ಬಂದಿಳಿಯಿತು. ಬಾಲದ ತುದಿಯ ತಗಡು ಗುಂಡಿನೇಟಿಗೆ ಹರಿದು ಜೋತಾಡುತ್ತಿತ್ತು. ಪೈಲಟ್ ಕೆಳಗಿಳಿದು, ವಿಮಾನವನ್ನು ಒಂದು ಸುತ್ತು ಬಂದು, ಬಾಲದ ಬುಡಕ್ಕೆ ಅಂಗೈಯೂರಿ ಬಹಳ ಹೊತ್ತು ನಿಂತ. ಆಕಳ ಮೈ ಸವರುವವನಂತೆ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ಉಸ್ತಾದ್, ಇದನ್ನು ಕಟ್ಟಿದವರು ಯಾರು?" ಎಂದು ಹಿಂದಿಯಲ್ಲಿ ಕೇಳಿದ.

ಪಕ್ಕದ ಮುಚ್ಚಳವೊಂದನ್ನು ಬಿಚ್ಚಿ ತಿರುಗಿಸಿದೆ. ಒಳಗೆ "೯" ಇತ್ತು. "ನಾನು" ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ ಎಂದು ಹೇಳಿಕೊಂಡು ತಿರುಗಿದೆ, ಕಳೆದ ತಿಂಗಳವರೆಗೆ.

ಕಳೆದ ತಿಂಗಳು ಬಳ್ಳಾರಿಗೆ ಒಂದು ವಿಮಾನ ಬಂದಿತು. ಎಲ್ಲಿಯೋ ತರಬೇತಿ ಶಾಲೆಯ ಅಂಗಳದಲ್ಲಿ ಬಿಸಿಲು ಮಳೆ ತಿನ್ನುತ್ತ ನಿಂತಿದ್ದ ಅದನ್ನು ಶಾಹೀನಾ ಅವರ ಕಾಲೇಜಿಗೆ ಕೊಟ್ಟಿದ್ದರು. ಉದ್ದದ ಲಾರಿಯ ಮೇಲೆ, ರೆಕ್ಕೆ ಬಿಚ್ಚಿಕೊಂಡು, ಅದು ನಮ್ಮ ಕೌಲ್ ಬಜಾರಿನಲ್ಲಿಯೇ ಹಾದುಬಂದಿತು. ಬಿದಿರಿನ ಕೋಲು ಹಿಡಿದವರು ಕರೆಂಟಿನ ತಂತಿ ಎತ್ತುತ್ತ ಮುಂದೆ ನಡೆಯುತ್ತಿದ್ದರು.

"ಲೇ ಬಾಷಾ, ಎತ್ತಲೇ ವೈರು! ಬಾಲಕ್ಕ ತಾಗತೈತಿ!"

"ಪಕ್ಕಕಿ ರಾ ಅನ್ನಾ, ಆಟೋ ಪಕ್ಕಕ್ಕ ತಗೀರಿ!"

"ಇದೇನ್ರಿ, ರಾಕೆಟ್ಟೇನು?"

"ಇಮಾನ ಯವ್ವಾ, ಲಡಾಯಿದು."

"ರೆಕ್ಕಿ ಇಲ್ಲದ ಎಂಥಾ ಇಮಾನನೋ ಯಪ್ಪಾ!"

"ಹಿಂದಿನ ಲಾರ್ಯಾಗ ಬರಾಕತ್ತಾವು, ಅವಸರ ಮಾಡಬ್ಯಾಡ."

ನಾನು ಕುಳಿತಿದ್ದ ಅಂಗಡಿಯ ಕಟ್ಟೆ ಹಿಡಿದು ಎದ್ದು ನಿಂತೆ. ಬಣ್ಣ ಹೋಗಿತ್ತು, ಗಾಜು ಮಂಜಾಗಿತ್ತು. ಆದರೂ ಆ ಮೂತಿಯ ಗೆರೆ, ಬಿಳಿಯ ನೆಲದ ಮೇಲೆ ನಾನು ಬಾಗಿಲಲ್ಲಿ ನಿಂತು ನೋಡಿದ ಅದೇ ಗೆರೆ, ಟ್ರಂಕು ಕೊಡಗಳ ಅಂಗಡಿಗಳ ಮುಂದೆ ತೇಲಿಹೋಯಿತು.

ಮರುದಿನ ಕಾಲೇಜಿಗೆ ಹೋಗಿ ಒಂದು ಮುಚ್ಚಳ ತೆಗೆಸಿದೆ. ಒಳಗೆ "೯".

ಶಾಹೀನಾ ನಮ್ಮ ಕೌಲ್ ಬಜಾರಿನ ಹೆಣ್ಣುಮಗಳೇ. "ಅಜ್ಜಾರ, ಬಾಲದ ಬುಡಕ್ಕ ನೀರು ನಿಂತು ತಗಡು ಕೊಳತೈತ್ರಿ. ಕಿತ್ತು ಹೊಸಾದು ಹಾಕಬೇಕು. ನೀವ ಮುಂದ ನಿಂತು ಹೇಳಬೇಕು ನೋಡ್ರಿ" ಎಂದರು. ಅವರ ಕಾರ್ಯಾಗಾರದ ಉಪಕರಣಗಳ ಪೆಟ್ಟಿಗೆಯನ್ನು ತೋರಿಸಿದರು. ಮೆತ್ತನೆಯ ಹಾಸಿನಲ್ಲಿ ಪ್ರತಿಯೊಂದಕ್ಕೂ ಅದರದೇ ಆಕಾರದ ಗುಳಿ. ಒಂದಿಲ್ಲದಿದ್ದರೆ ಖಾಲಿ ಗುಳಿ ಬಾಯ್ತೆರೆದು ಕೂಗುತ್ತದೆ. ನಮ್ಮ ಕಾಲದ ಬಿಲ್ಲೆಗಿಂತ ಒಳ್ಳೆಯದು ಎಂದು ಒಪ್ಪಿದೆ. ಇಷ್ಟು ಸುಲಭವಾಗಿ ಒಪ್ಪುವವನಲ್ಲ ನಾನು.

ನಾನೇ ಹೊಡೆದ ರಿವೆಟ್ಟುಗಳನ್ನು ನಾನೇ ಕೂತು ಕೊರೆಸಿದೆ. ತಗಡು ಬಿಚ್ಚಿತು. ದೀಪ ಹಿಡಿದೆ. ಮೇಲಿನ ಮೂಲೆಯ ಅಂಚುಪಟ್ಟಿಯ ಮೇಲೆ, ಕೀಲುಗಳಿಗೆ ಬಳಿಯುವ ಕಂದು ಅಂಟಿನಲ್ಲಿ ಅರ್ಧ ಹೂತುಕೊಂಡು, ಹೋತದ ಗೊರಸು ಇತ್ತು. ಬೆನ್ನ ಮೇಲೆ ನೇಗಿಲು. ಅದರಿಂದ ಎರಡು ಬೆರಳು ದೂರದಲ್ಲಿ ಬಾಲವನ್ನು ಆಡಿಸುವ ಸರಳು.

ಎಲ್ಲ ನೆನಪಾಯಿತು. ಅಂಟು ಬಳಿದು, ತುಳುಕಿದ್ದನ್ನು ಒರೆಸಲು ಕೈ ಬೇಕಾಗಿ, ಒಂದು ಗಳಿಗೆ ಎಂದು ಡಾಲಿಯನ್ನು ಆ ಅಂಚಿನ ಮೇಲೆ ಇಟ್ಟಿದ್ದೆ. ಹಸಿ ಅಂಟು ಅದನ್ನು ಹಿಡಿದುಕೊಂಡಿತ್ತು. ಆಮೇಲೆ ಅದು ಒಂದು ಸಲವೂ ಬಿಟ್ಟಿರಲಿಲ್ಲ. ಆ ವಿಮಾನ ಮುಗಿಲಲ್ಲಿ ಮಗುಚಿದಾಗ ಬಿಡಲಿಲ್ಲ, ತಲೆಕೆಳಗಾದಾಗ ಬಿಡಲಿಲ್ಲ, ಗುಂಡು ಬಿದ್ದಾಗ ಬಿಡಲಿಲ್ಲ. ಬಿಟ್ಟಿದ್ದರೆ ಸರಳು ಸಿಕ್ಕಿಕೊಂಡು ಬಾಲ ಕಲ್ಲಾಗುತ್ತಿತ್ತು. ಮರುಭೂಮಿಯಲ್ಲಿ ಆ ಪೈಲಟ್ ಅಂಗೈಯೂರಿ ನಿಂತದ್ದು ಇದೇ ತಗಡಿನ ಮೇಲೆ. "ಇದನ್ನು ಕಟ್ಟಿದವರು ಯಾರು?" ಎಂದು ಅವನು ಕೇಳಿದಾಗ ನಾನು ಎದೆಯುಬ್ಬಿಸಿ "ನಾನು" ಎಂದಿದ್ದೆ. ಸಿರುಗುಪ್ಪ ದಾಟದ, ರೈಲನ್ನೂ ಹತ್ತದ ನಮ್ಮಪ್ಪನ ಕಬ್ಬಿಣ, ಎತ್ತಿನ ಬಂಡಿಯ ಅಚ್ಚು, ವರ್ಷಗಟ್ಟಲೆ ಸದ್ದಿನ ವೇಗದ ಬೆನ್ನು ಹತ್ತಿ ಹಾರಿತ್ತು. ನನ್ನನ್ನು ಶಾಹೀನಾ ಕುರ್ಚಿಯ ಮೇಲೆ ಕೂಡಿಸಿ ನೀರು ಕೊಟ್ಟರು.

ಮರುದಿನ ಕುರುಗೋಡಿಗೆ ಹೋದೆ. ವೀರಭದ್ರಯ್ಯನವರು ಪಡಸಾಲೆಯ ಮಂಚದ ಮೇಲೆ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದಿತ್ತು.

"ಯಾರು?"

"ನಾನ್ರಿ ಸ್ವಾಮೇರ. ಸಿರುಗುಪ್ಪದ ಮೌನೇಶಿ."

ಒಳಗಿನಿಂದ ಬಂದ ಸೊಸೆ ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ನಿಂತಳು. ಅವಳಿಗೂ ಕಥೆ ಗೊತ್ತಿದ್ದಂತಿತ್ತು.

"ಇನ್ನೂ ಅದೀಯೇನಲೇ?"

"ಅದೀನ್ರಿ."

"ನಾನೂ ಅದೀನಿ. ನೀ ಮೊದಲ ಹೋಗ್ತೀ ಅಂತ ಕಾಯಾಕತ್ತಿದ್ದೆ. ಕುಂಡ್ರು."

ನಾನು ಕೂಡಲಿಲ್ಲ. ಡಾಲಿಯನ್ನು ಅವರ ಕೈಯಲ್ಲಿಟ್ಟೆ. ಅವರ ಬೆರಳು ಅಂಚು ಸವರಿದವು, ಬೆನ್ನಿನ ನೇಗಿಲನ್ನು ಮುಟ್ಟಿ ನಿಂತವು.

"ಎಲ್ಲಿ ಸಿಕ್ತು?"

ಹೇಳಿದೆ. ಗೂಡು, ಅಂಚುಪಟ್ಟಿ, ಅಂಟು, ಸರಳು, ಯಾವುದನ್ನೂ ಬಿಡದೆ ಹೇಳಿದೆ. "ತಪ್ಪು ನಂದು, ಸ್ವಾಮೇರ. ಕಳ್ಳ ಅಂದೆ ನಿಮ್ಮನ್ನ. ಇಷ್ಟು ವರ್ಷ ಅಂದೆ. ಕಾಲು ಹಿಡೀತೀನಿ" ಎಂದು ಬಗ್ಗಿದೆ.

"ಕಾಲು ಬಿಡು" ಎಂದರು. ಅವರ ಮುಖದಲ್ಲಿ ಗೆಲುವಿರಲಿಲ್ಲ. "ಒಳಗ ಇತ್ತಾ? ನಾ ಸಹಿ ಮಾಡಿದ ಮ್ಯಾಲೆ?"

"ಹೌದ್ರಿ."

"ಎಷ್ಟು ಮಂದಿ ಹಾರ್ಸಿದ್ರು ಅದನ್ನ?"

"ಗೊತ್ತಿಲ್ರಿ. ಎಲ್ಲಾರೂ ಇಳದು ಬಂದ್ರು. ಅದು ಅಷ್ಟ ಗೊತ್ತು."

ಅವರು ಡಾಲಿಯನ್ನು ಮಂಚದ ಮೇಲಿಟ್ಟರು. "ಕೇಳಿದ್ದೆ ನಿನ್ನ. ಒಳಗ ಬಿಟ್ಟಿಲ್ಲಲ್ಲ ಅಂತ. ತಗಡು ಕೀಳಿಸಿ ನೋಡಬೇಕಿತ್ತು. ನಮ್ಮ ಕಡ್ಯಾವ, ಕಮ್ಮಾರ ಕಾಳಪ್ಪನ ಮಗ, ಸುಳ್ಳು ಹೇಳಾಂಗಿಲ್ಲ ಅಂತ ನಂಬಿಬಿಟ್ಟೆ." ಆಮೇಲೆ ಹೇಳಿದರು: "ಮೌನೇಶಿ, ಕಳ್ಳ ಅನ್ನಿಸ್ಕೊಂಡು ಇಷ್ಟು ವರ್ಷ ಕಣ್ತುಂಬ ನಿದ್ದಿ ಮಾಡೀನಿ. ನಾ ಕಳ್ಳ ಅಲ್ಲ ಅಂತ ನನಗ ಗೊತ್ತಿತ್ತು. ಇವತ್ತು ಹೆಂಗ ನಿದ್ದಿ ಮಾಡ್ಲಿ?"

ಇಷ್ಟು ವರ್ಷ ಪ್ರತಿಯೊಬ್ಬರ ತಪ್ಪನ್ನೂ ತೂಕ ಮಾಡಿಟ್ಟ ನಾನು ಡಾಲಿಯನ್ನು ಎತ್ತಿ ಕಿಸೆಗಿಟ್ಟುಕೊಂಡೆ.

"ನಾ ನೋಡಬೇಕು ಅದನ್ನ" ಎಂದು ಅವರು ಎದ್ದರು. ಸೊಸೆ ಬೇಡವೆಂದಳು. ಕೇಳಲಿಲ್ಲ. ಪೆಟ್ಟಿಗೆಯಿಂದ ಕಡ್ಡಿಯ ಕನ್ನಡಿಯನ್ನು ತೆಗೆಸಿ ಕಿಸೆಗಿಟ್ಟುಕೊಂಡರು. ಆಟೋದಲ್ಲಿ ಬಳ್ಳಾರಿಗೆ ಬಂದೆವು.

ಶಾಹೀನಾ ವೀರಭದ್ರಯ್ಯನವರ ಕೈ ಹಿಡಿದು ಬಾಲದ ಬಳಿ ಕರೆದೊಯ್ದರು. ಅವರು ಅಂಗೈಯಿಂದ ತಗಡು ಸವರಿ, ತಾವು ಅಂದು ನಿಂತಿದ್ದ ಜಾಗವನ್ನು ಹುಡುಕಿ ನಿಂತು, ಕನ್ನಡಿಯನ್ನು ಗೂಡಿನೊಳಗೆ ತೂರಿಸಿದರು. ಆಮೇಲೆ ಕೈ ಕೆಳಗಿಳಿಸಿ, "ನನಗ ಕಾಣಾಂಗಿಲ್ಲ. ನೀ ನೋಡು. ನಾ ಹಿಡಿದಂಗ ಹಿಡಿ. ಡಾಲಿ ಇಟ್ಟಿದ್ದ ಜಾಗ ಕನ್ನಡ್ಯಾಗ ಕಾಣತೈತೋ ಇಲ್ಲೋ, ಹೇಳು" ಎಂದರು.

ಹಿಡಿದೆ. ನೇರವಾಗಿ ಹಿಡಿದರೆ ಕಾಣುತ್ತಿರಲಿಲ್ಲ. ಮಣಿಕಟ್ಟನ್ನು ತುಸುವೇ ಮೇಲಕ್ಕೆ ಹೊರಳಿಸಿದೆ. ಅಂಟಿನಲ್ಲಿ ಗೊರಸಿನ ಗುರುತು ಕನ್ನಡಿಯ ತುಂಬ ಬಂದಿತು. ಕಾಣುವುದಿಲ್ಲ ಎಂದರೆ ಎಂಬತ್ತೊಂಬತ್ತು ವರ್ಷದ ಆ ಮನುಷ್ಯ ಆ ದಿನ ಮಲಗಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದೇ ವಿಮಾನದ ಮುಂದೆ ಅದೇ ಮನುಷ್ಯನಿಗೆ, ಅಂದು ಹನ್ನೆರಡು ಎಂದಿದ್ದ ನಾನು ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತಿತ್ತು.

"ಕಾಣತೈತ್ರಿ, ಸ್ವಾಮೇರ. ಕನ್ನಡಿ ಒಂಚೂರು ಹೊಳ್ಳಿಸಿದ್ರ ಕಾಣತೈತಿ."

"ಹೂಂ" ಎಂದರು. "ಅವಸರ ಮಾಡಿರಬೇಕು ಅವತ್ತು. ಬರೀತಿಯಂತಲ್ಲ, ಬರಿ ಹಂಗಾರ. ನಿಂದೂ ಬರಿ, ನಂದೂ ಬರಿ. ಮುಚ್ಚಿಡಬ್ಯಾಡ."

ಬರೆದಿದ್ದೇನೆ.

ಹೊಸ ತಗಡು ಸಿದ್ಧವಾಗಿತ್ತು. ಎಣಿಕೆಯಿಲ್ಲದೆ ಮುಚ್ಚಬಾರದು ಎಂದು ಅವರು ಹಟ ಹಿಡಿದರು. ಶಾಹೀನಾ ನೆಲದ ಮೇಲೆ ಬಟ್ಟೆ ಹಾಸಿ, ಪೆಟ್ಟಿಗೆಯ ಉಪಕರಣಗಳನ್ನು ಒಂದೊಂದಾಗಿ ಇಟ್ಟರು. ಆ ದಿನ ನಾವು ತೆಗೆದದ್ದು ಹನ್ನೆರಡು. ಕೊನೆಗೆ ನಾನು ನಮ್ಮಪ್ಪನ ಡಾಲಿಯನ್ನು ಕಿಸೆಯಿಂದ ತೆಗೆದು ಅವುಗಳ ಸಾಲಿನಲ್ಲಿಟ್ಟೆ. ಕಬ್ಬಿಣ ಬಟ್ಟೆಗೆ ತಾಗಿದ ಸದ್ದಿಗೆ ವೀರಭದ್ರಯ್ಯನವರು ತಲೆಯೆತ್ತಿದರು.

"ಎಷ್ಟು?"

"ಹದಿಮೂರು."

ಅವರು ಬಗ್ಗಿ, ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ತಾವೇ ಎಣಿಸಿದರು. ಕೊನೆಯದರ ಮೇಲೆ ಕೈ ತುಸು ಹೊತ್ತು ನಿಂತಿತು.

"ಮುಚ್ಚು" ಎಂದರು.